ಮನೆಯಂಗಳದಲ್ಲಿ ಸಾಕುಪ್ರಾಣಿಯ ಸಮಾಧಿ: ಕಾನೂನಿನ ನಿಯಮಗಳೇನು?

ಬೆಂಗಳೂರು: ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಸುತ್ತಲಿನ ಬಡಾವಣೆಗಳಲ್ಲಿ ಮನೆಮಂದಿಯಂತೆ ಬಾಳಿದ ನಾಯಿಯೋ ಬೆಕ್ಕೋ ಸತ್ತಾಗ ಮೊದಲು ಏಳುವ ಪ್ರಶ್ನೆ, ಹಿತ್ತಲಲ್ಲಿ ಹೂಳಬಹುದೇ ಎಂಬುದು. ಇದಕ್ಕೆಂದೇ ರೂಪಿಸಿದ ಪ್ರತ್ಯೇಕ ಕೇಂದ್ರ ಕಾಯ್ದೆ ಇಲ್ಲ. ಜಾಗ ಯಾರದು, ಸಾವಿಗೆ ಕಾರಣವೇನು, ನೀರಿನ ಮೂಲ ಎಷ್ಟು ಹತ್ತಿರ ಎಂಬ ಮೂರು ಅಂಶಗಳನ್ನು ಉತ್ತರ ಅವಲಂಬಿಸಿದೆ.

ಜಾಗ ಯಾರದು?

ಸ್ವಂತ ನಿವೇಶನವಾದರೆ ತೊಡಕು ಕಡಿಮೆ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಪಡೆಯಬೇಕು. ಅಪಾರ್ಟ್‌ಮೆಂಟ್‌ನ ಉದ್ಯಾನ ಎಲ್ಲ ಮಾಲೀಕರ ಸಾಮೂಹಿಕ ಸ್ವತ್ತು. ಒಬ್ಬರ ಇಚ್ಛೆಯಂತೆ ಅಲ್ಲಿ ಗುಂಡಿ ತೋಡುವಂತಿಲ್ಲ. ಕಾರ್ಖಾನೆಯ ಕಾವಲು ನಾಯಿಯಾದರೆ ನಿವೇಶನದ ಗುತ್ತಿಗೆ ಷರತ್ತುಗಳನ್ನು ಗಮನಿಸಬೇಕು. ಕೆರೆಯಂಗಳ, ರಾಜಕಾಲುವೆ, ಅನ್ಯರ ಖಾಲಿ ನಿವೇಶನ ಸಲ್ಲದು.

ರೋಗದಿಂದ ಸತ್ತಿದ್ದರೆ

ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣಕ್ಕಾಗಿ 2009ರಲ್ಲಿ ಬಂದ ಕೇಂದ್ರ ಕಾಯ್ದೆಯ ಪಟ್ಟಿಯಲ್ಲಿ ರೇಬಿಸ್ ಸಹ ಇದೆ. ಅಂಥ ರೋಗದ ಶಂಕೆಯಿದ್ದರೂ ಕಳೇಬರವನ್ನು ನಿಗದಿತ ಕ್ರಮದಲ್ಲೇ ವಿಲೇವಾರಿ ಮಾಡಬೇಕು. ರೇಬಿಸ್ ಖಚಿತಪಡಿಸಲು ಮಿದುಳಿನ ಮಾದರಿಯ ಪರೀಕ್ಷೆ ಅಗತ್ಯ; ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಇದಕ್ಕೆ ಪ್ರಯೋಗಾಲಯವಿದೆ. ಅವಸರದಲ್ಲಿ ಹೂತರೆ ಸಾಕ್ಷ್ಯವೂ ಮಣ್ಣುಪಾಲಾಗುತ್ತದೆ. ಆದ್ದರಿಂದ ಮೊದಲು ಪಶುವೈದ್ಯರಿಗೆ ತಿಳಿಸಬೇಕು. ಕಚ್ಚಿಸಿಕೊಂಡವರು ವರದಿಗಾಗಿ ಕಾಯದೆ ಕೂಡಲೇ ಲಸಿಕೆ ಪಡೆಯಬೇಕು.

ನೀರು, ದುರ್ವಾಸನೆ

ಈ ಭಾಗದ ಅನೇಕ ಮನೆಗಳಿಗೆ ಕೊಳವೆಬಾವಿಯೇ ಆಧಾರ. ಸಾರ್ವಜನಿಕ ನೀರಿನ ಮೂಲವನ್ನು ಉದ್ದೇಶಪೂರ್ವಕವಾಗಿ ಕೆಡಿಸುವುದು ಹಾಗೂ ಸಾರ್ವಜನಿಕ ಉಪದ್ರವ ಉಂಟುಮಾಡುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಡಿ ಅಪರಾಧ. ಬಾವಿ, ಸಂಪುಗಳಿಂದ ದೂರದಲ್ಲಿ, ಕನಿಷ್ಠ 3ರಿಂದ 4 ಅಡಿ ಆಳದಲ್ಲಿ ಹೂಳುವುದು ಲೇಸು. ಪ್ಲಾಸ್ಟಿಕ್ ಚೀಲ ಬೇಡ, ಹತ್ತಿಬಟ್ಟೆ ಸಾಕು. ದಯಾಮರಣದ ಚುಚ್ಚುಮದ್ದು ಪಡೆದ ಪ್ರಾಣಿಯ ದೇಹದಲ್ಲಿ ಔಷಧದ ಅಂಶ ಉಳಿಯಬಹುದು. ಬೀದಿನಾಯಿಗಳು ಅಗೆದು ತಿಂದರೆ ಅವುಗಳ ಪ್ರಾಣಕ್ಕೂ ಕುತ್ತು.

ಜಾಗವಿಲ್ಲದವರಿಗೆ

ಕೆಂಗೇರಿ ಬಳಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ಸಾಕುಪ್ರಾಣಿ ಸಮಾಧಿ ಸ್ಥಳವಿದೆ. ಸುಮನಹಳ್ಳಿಯಲ್ಲಿ ಪ್ರಾಣಿಗಳ ಚಿತಾಗಾರವಿದೆ. ಹೋಗುವ ಮುನ್ನ ಶುಲ್ಕ, ಸಮಯ ವಿಚಾರಿಸಿಕೊಳ್ಳುವುದು ಒಳಿತು. ಕಳೇಬರ ಸಾಗಣೆಗೆ ಸ್ಥಳೀಯ ಸಂಸ್ಥೆಯನ್ನು ಕೋರಬಹುದು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಬದಲಿಗೆ ಐದು ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿದ್ದು, ವೈಟ್‌ಫೀಲ್ಡ್ ಬೆಂಗಳೂರು ಪೂರ್ವ ನಗರ ಪಾಲಿಕೆಗೆ ಸೇರಿದೆ. ಎಲೆಕ್ಟ್ರಾನಿಕ್ ಸಿಟಿಯ ಕೈಗಾರಿಕಾ ಪ್ರದೇಶಕ್ಕೆ ಪ್ರತ್ಯೇಕ ಟೌನ್‌ಶಿಪ್ ಪ್ರಾಧಿಕಾರವಿದೆ.