ಬೆಕ್ಕಿನ ಮೂತ್ರಕೋಶದ ಉರಿಯೂತ

ಸಾಕುಬೆಕ್ಕುಗಳಲ್ಲಿ ಪದೇ ಪದೇ ಮರುಕಳಿಸುವ ಮೂತ್ರದ ತೊಂದರೆ. ಮರಳಿನ ತಟ್ಟೆಯಲ್ಲಿ ಕೂತು ತಿಣುಕುವುದು, ಹನಿಹನಿಯಾಗಿ ರಕ್ತಮಿಶ್ರಿತ ಮೂತ್ರ ಬರುವುದು, ಹಾಸಿಗೆಯಲ್ಲೋ ಬಚ್ಚಲಲ್ಲೋ ಉಚ್ಚೆ ಹೊಯ್ಯುವುದು, ಮೂತ್ರದ್ವಾರವನ್ನು ನೆಕ್ಕುತ್ತಲೇ ಇರುವುದು ಇದರ ಲಕ್ಷಣಗಳು.

ಕಾರಣ: 10 ವರ್ಷದೊಳಗಿನ ಬೆಕ್ಕುಗಳಲ್ಲಿ ಬ್ಯಾಕ್ಟೀರಿಯಾ ಸೋಂಕು ಅಪರೂಪ, ಹೆಚ್ಚಿನವುಗಳಲ್ಲಿ ನಿರ್ದಿಷ್ಟ ಕಾರಣ ಸಿಗದು. ಮನೆ ಬದಲಾವಣೆ, ಹೊಸ ಬೆಕ್ಕಿನ ಆಗಮನದಂಥ ಒತ್ತಡಗಳು ತೊಂದರೆಯನ್ನು ಕೆರಳಿಸುತ್ತವೆ. ಕೆಲವು ಬೆಕ್ಕುಗಳಲ್ಲಿ ಮೂತ್ರದ ಹರಳುಗಳಿರುತ್ತವೆ. ಸ್ಟ್ರುವೈಟ್ ಹರಳನ್ನು ವಿಶೇಷ ಆಹಾರದಿಂದ ಕರಗಿಸಬಹುದು. ಕ್ಯಾಲ್ಸಿಯಂ ಆಕ್ಸಲೇಟ್ ಕರಗದು, ಹೊರತೆಗೆಯಬೇಕಾಗುತ್ತದೆ.

ಅಪಾಯ: ಗಂಡುಬೆಕ್ಕಿನ ಮೂತ್ರನಾಳ ಕಿರಿದಾದ್ದರಿಂದ ಬೇಗ ಕಟ್ಟಿಕೊಳ್ಳುತ್ತದೆ. ಆಗ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತ ತಪ್ಪುತ್ತದೆ. ಒಂದೆರಡು ದಿನಗಳಲ್ಲೇ ಸಾವು ಸಂಭವಿಸಬಹುದು. ತಿಣುಕಿದರೂ ಮೂತ್ರ ಬಾರದಿದ್ದರೆ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಮನುಷ್ಯರ ನೋವಿನ ಮಾತ್ರೆ ಕೊಡಬಾರದು. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ.

ನಿರ್ವಹಣೆ: ಮೂತ್ರ ತೆಳುವಾಗಿಸುವುದೇ ಮುಖ್ಯ ಉಪಾಯ. ಒಣ ಆಹಾರದ ಬದಲು ಸುಮಾರು ಮುಕ್ಕಾಲು ಪಾಲು ನೀರಿರುವ ಹಸಿ ಆಹಾರ ಕೊಡುವುದು, ಹಲವೆಡೆ ನೀರಿಡುವುದು ಒಳ್ಳೆಯದು. ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚು ಮರಳಿನ ತಟ್ಟೆ ಇಟ್ಟು ದಿನವೂ ಶುಚಿಗೊಳಿಸಬೇಕು. ಅಡಗಲು ಜಾಗ, ಏರಲು ಎತ್ತರ, ಆಟ ಮತ್ತು ನಿಗದಿತ ದಿನಚರಿ ಒತ್ತಡವನ್ನು ತಗ್ಗಿಸುತ್ತವೆ.