ಪಂಚಕಲ್ಯಾಣಿ ಕುದುರೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ನನ್ನ ಹಳೆಯ ವಿದ್ಯಾರ್ಥಿಗಳು ಹಿರಿಯರ ಕಥೆಗಳಲ್ಲಿ ಪಂಚಕಲ್ಯಾಣಿಯ ಹೆಸರನ್ನು ಕೇಳಿಯೇ ಇರುತ್ತಾರೆ: ನಾಲ್ಕು ಕಾಲೂ ಮುಖವೂ ಬಿಳಿಯಾದ ಕುದುರೆ. ಈ ಸೀಮೆಯನ್ನೂ ಒಳಗೊಂಡ ರಾಜ್ಯವನ್ನು ಕಲ್ಯಾಣದಿಂದ ಆಳಿದ (1126–1138) ಚಾಲುಕ್ಯ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಕುದುರೆಗಳ ದೇಶ, ಬಣ್ಣ, ಸುಳಿಗಳನ್ನು ವಿವರಿಸಿದ್ದಾನೆ. ಬಣ್ಣ ನೋಡಿ ಶುಭಾಶುಭವನ್ನು ನಿರ್ಣಯಿಸುತ್ತಿದ್ದ ಕಾಲವದು. ಎಷ್ಟು ಒಳ್ಳೆಯ ಕುದುರೆಗಳು ತಿರಸ್ಕೃತವಾದವೋ!

ಭ್ರೂಣದ ಬೆನ್ನಿನ ಕಡೆಯಿಂದ ಹೊರಡುವ ವರ್ಣಕೋಶಗಳು ಕಾಲು, ಹಣೆಗಳನ್ನು ಕೊನೆಯಲ್ಲಿ ತಲುಪುತ್ತವೆ. ತಲುಪದಿದ್ದಲ್ಲಿ ಕೂದಲು ಬಿಳಿ. ಇದರಲ್ಲಿ ಕಿಟ್ ಮೊದಲಾದ ಜೀನುಗಳ ಪಾತ್ರವಿದೆ, ಆಕಸ್ಮಿಕವೂ ಇದೆ. ಕೆಂಪು ಮೈಬಣ್ಣಕ್ಕೆ ಕಾರಣವಾದ ಎಂಸಿ1ಆರ್ ಜೀನಿನ ವ್ಯತ್ಯಯವು ತಿಳಿದುಬಂದದ್ದು 1996ರಲ್ಲಿ. ಕೆಂಪು ಜೋಡಿಯ ಮರಿ ಕೆಂಪೇ. ಕಂದು ಜೋಡಿಗೆ ಕೆಂಪು ಮರಿಯೂ ಹುಟ್ಟಬಹುದು. ಸೋಮೇಶ್ವರನ ಲಾಯದವರು ಇದನ್ನು ಕಣ್ಣಾರೆ ಕಂಡಿದ್ದರೆಂದೇ ನನ್ನ ಊಹೆ.