ಬೆಂಕಿಕಡ್ಡಿಯಲ್ಲಿ ರೇಖಾಗಣಿತ

ಶಾಲಾ ಮಕ್ಕಳಿಗೆ ತ್ರಿಭುಜವೆಂದರೆ ಕರಿಹಲಗೆಯ ಮೇಲಿನ ಮೂರು ಗೆರೆ. ಘನವೆಂದರೆ ಅದೇ ಹಲಗೆಯ ಮೇಲೆ ಓರೆಯಾಗಿ ಬರೆದ ಡಬ್ಬಿ. ಈ ಆಕೃತಿಗಳನ್ನು ಕೈಯಲ್ಲಿ ಹಿಡಿದು, ಒತ್ತಿ, ಎಳೆದು ಪರೀಕ್ಷಿಸುವ ಅವಕಾಶವನ್ನು ಮಕ್ಕಳಿಗೆ ಒದಗಿಸಿದ್ದು ದುಬಾರಿ ಉಪಕರಣವಲ್ಲ, ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬು.

ಇದರ ಮೂಲ ಮಧ್ಯಪ್ರದೇಶದ ಹೋಶಂಗಾಬಾದ್ (ಈಗಿನ ನರ್ಮದಾಪುರಂ) ಜಿಲ್ಲೆ. ಅಲ್ಲಿನ 16 ಶಾಲೆಗಳಲ್ಲಿ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಸಂಸ್ಥೆಗಳು 1972ರಲ್ಲಿ ವಿಜ್ಞಾನ ಬೋಧನಾ ಕಾರ್ಯಕ್ರಮವೊಂದನ್ನು ಆರಂಭಿಸಿದವು. 6ರಿಂದ 8ನೇ ತರಗತಿಯ ಮಕ್ಕಳು ಪಾಠವನ್ನು ಉರು ಹೊಡೆಯದೆ ಪ್ರಯೋಗ ಮಾಡಿ ಕಲಿಯಬೇಕೆಂಬುದು ಅದರ ಉದ್ದೇಶ. ಪರೀಕ್ಷೆಯಲ್ಲಿ ಪುಸ್ತಕ ತೆರೆದು ನೋಡುವುದಕ್ಕೂ ಅನುಮತಿಯಿತ್ತು! ಐಐಟಿ ಕಾನ್ಪುರದ ಪದವೀಧರ, ಪುಣೆಯ ಟೆಲ್ಕೊ ಕಾರ್ಖಾನೆಯ ಎಂಜಿನಿಯರ್ ಅರವಿಂದ್ ಗುಪ್ತಾ 1978ರಲ್ಲಿ ರಜೆ ಪಡೆದು ಈ ಕೆಲಸಕ್ಕೆ ಬಂದರು. ಹಳ್ಳಿಯ ಸಂತೆಯಲ್ಲಿ ಸಿಗುವ ಸಾಮಾನುಗಳಲ್ಲೇ ಬೋಧನೋಪಕರಣ ಹುಡುಕುತ್ತಿದ್ದಾಗ ಅವರಿಗೆ ಹೊಳೆದದ್ದೇ ಈ ಕಡ್ಡಿ–ಕೊಳವೆಯ ಜೋಡಿ. ಈ ಕುರಿತ ಅವರ ಪುಸ್ತಕವನ್ನು ಏಕಲವ್ಯ ಸಂಸ್ಥೆ ಪ್ರಕಟಿಸಿತು. 2018ರಲ್ಲಿ ಗುಪ್ತಾ ಅವರಿಗೆ ಪದ್ಮಶ್ರೀ ಸಂದಿತು.

ಗೌರವ ವ್ಯಕ್ತಿಗೆ ಸಂದಿತಾದರೂ ಕಾರ್ಯಕ್ರಮ ಉಳಿಯಲಿಲ್ಲ. ಸುಮಾರು ಒಂದು ಸಾವಿರ ಶಾಲೆಗಳಿಗೆ ಹರಡಿದ್ದ ಅದನ್ನು ರಾಜ್ಯ ಸರ್ಕಾರ 2002ರಲ್ಲಿ ನಿಲ್ಲಿಸಿತು. ಮೂವತ್ತು ವರ್ಷಗಳ ಅನುಭವ ಒಂದು ಆದೇಶದಿಂದ ತರಗತಿಯ ಹೊರಗಾಯಿತು ಎಂಬುದನ್ನು ಇಂತಹ ಪ್ರಯೋಗಗಳಿಗೆ ಕೈಹಾಕುವವರು ಮರೆಯುವಂತಿಲ್ಲ.

ಮಾಡುವ ವಿಧಾನ

ಬೆಂಕಿಕಡ್ಡಿಯ ತುದಿಯ ಮದ್ದನ್ನು ದೊಡ್ಡವರೇ ಬ್ಲೇಡಿನಿಂದ ಹೆರೆದು ತೆಗೆಯಬೇಕು. ವಾಲ್ವ್ ಟ್ಯೂಬನ್ನು ಒಂದೂವರೆ ಸೆಂ.ಮೀ. ತುಂಡುಗಳಾಗಿ ಕತ್ತರಿಸಿ, ಎರಡೂ ಬದಿಯಿಂದ ಕಡ್ಡಿ ತೂರಿಸಿದರೆ ಬಾಗುವ ಕೀಲು ಸಿದ್ಧ. ಮೂರನೆಯ ಕಡ್ಡಿ ಬೇಕಾದಲ್ಲಿ ತುಂಡಿನ ನಡುವೆ ಜಾಲಿಮುಳ್ಳಿನಿಂದ ತೂತು ಮಾಡಿ, ತುದಿ ಚೂಪು ಮಾಡಿದ ಕಡ್ಡಿಯನ್ನು ಚುಚ್ಚಬಹುದು.

ಮೊದಲು ಮೂರು ಕಡ್ಡಿಯ ತ್ರಿಭುಜ. ಎಷ್ಟು ಒತ್ತಿದರೂ ಅದರ ಆಕಾರ ಕೆಡದು. ನಾಲ್ಕು ಕಡ್ಡಿಯ ಚೌಕವೋ ಬೆರಳು ತಾಗಿದೊಡನೆ ವಜ್ರಾಕೃತಿಯಾಗಿ ವಾಲುತ್ತದೆ. ಪಂಚಭುಜದ ಗತಿಯೂ ಅದೇ. ಚೌಕಕ್ಕೆ ಒಂದು ಕರ್ಣ, ಪಂಚಭುಜಕ್ಕೆ ಎರಡು ಕರ್ಣ ಕೊಟ್ಟರೆ ಅವು ಗಟ್ಟಿಯಾಗಿ ನಿಲ್ಲುತ್ತವೆ. ವಿದ್ಯುತ್ ಗೋಪುರದಲ್ಲೂ ರೈಲ್ವೆ ಸೇತುವೆಯಲ್ಲೂ ಓರೆ ಕಂಬಿಗಳೇಕೆ ಎಂಬ ಪ್ರಶ್ನೆಗೆ ಉತ್ತರವನ್ನು ಶಿಕ್ಷಕರು ಹೇಳಬೇಕಾಗಿಯೇ ಇಲ್ಲ.

ಕರ್ಣ ಜೋಡಿಸುವಾಗ ಇನ್ನೊಂದು ಸಂಗತಿ ಎದುರಾಗುತ್ತದೆ: ಬಾಹುವಿನಷ್ಟೇ ಉದ್ದದ ಕಡ್ಡಿ ಅಲ್ಲಿಗೆ ಸಾಲದು. ಪೊರಕೆ ಕಡ್ಡಿಯನ್ನು ಅಳೆದು ಮುರಿಯಬೇಕು. ಬಾಹು 5 ಸೆಂ.ಮೀ. ಇದ್ದರೆ ಕರ್ಣ ಸುಮಾರು 7 ಸೆಂ.ಮೀ. ಬರುತ್ತದೆ. ಪೈಥಾಗೊರಸ್‌ನ ಹೆಸರು ಕೇಳುವ ವರ್ಷಗಳ ಮೊದಲೇ ಅವನ ಪ್ರಮೇಯ ಮಗುವಿನ ಕೈಗೆ ತಾಗಿರುತ್ತದೆ.

ಆರು ಕಡ್ಡಿಯ ಚತುರ್ಮುಖಿ ಅಲುಗದೆ ನಿಲ್ಲುತ್ತದೆ. ಹನ್ನೆರಡು ಕಡ್ಡಿಯ ಘನ ಕುಸಿಯುತ್ತದೆ. ಘನದ ಆರೂ ಮುಖಗಳಿಗೆ ಒಂದೊಂದು ಕರ್ಣ ಬೇಕು, ಅಂದರೆ ಒಟ್ಟು 18 ಕಡ್ಡಿ. ಶೃಂಗ, ಅಂಚು, ಮುಖಗಳನ್ನು ಎಣಿಸಿ ಬರೆದಿಡಲು ಹೇಳಿ. ಚತುರ್ಮುಖಿಗೆ 4, 6, 4. ಬರಿಯ ಘನಕ್ಕೆ 8, 12, 6. ಶೃಂಗ ಮತ್ತು ಮುಖಗಳ ಮೊತ್ತದಿಂದ ಅಂಚುಗಳನ್ನು ಕಳೆದರೆ ಎರಡರಲ್ಲೂ ಉಳಿಯುವುದು 2. ಇದೇ ಆಯ್ಲರ್ ಸೂತ್ರ.

ಕೆಲವರು ಕೊಳವೆಯ ಬದಲು ನೆನೆಸಿದ ಬಟಾಣಿ ಬಳಸುತ್ತಾರೆ. ಸಣ್ಣ ಮಕ್ಕಳಿಗೆ ಇದು ಸುಲಭ. ಆದರೆ ಒಣಗಿದ ಬಟಾಣಿ ಕಡ್ಡಿಯನ್ನು ಬಿಗಿಹಿಡಿಯುವುದರಿಂದ ಚೌಕವೂ ಗಟ್ಟಿಯಾಗಿಬಿಡುತ್ತದೆ, ಪಾಠದ ತಿರುಳೇ ತಪ್ಪುತ್ತದೆ. ಆದ್ದರಿಂದ ಹಸಿಯಿರುವಾಗಲೇ ಪರೀಕ್ಷಿಸಬೇಕು.

ಕರ್ನಾಟಕದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆಯಿಂದ ಆರಂಭವಾದ ನಲಿ–ಕಲಿ ಪದ್ಧತಿ ಕೆಳಗಿನ ತರಗತಿಗಳಿಗೆ ಚಟುವಟಿಕೆಯ ರೂಢಿಯನ್ನು ತಂದಿತು. ಕಡ್ಡಿ–ಕೊಳವೆಗೆ ಅಂತಹ ವ್ಯವಸ್ಥೆಯೂ ಬೇಕಿಲ್ಲ. ನಾಲ್ಕೈದು ಮಕ್ಕಳ ಗುಂಪಿಗೆ ಒಂದು ಬೆಂಕಿಪೊಟ್ಟಣ, ಒಂದು ಮೀಟರ್ ಟ್ಯೂಬು ಮತ್ತು ಗಂಟೆ ಬಾರಿಸಿದರೂ ಏಳಿಸದ ಒಂದು ಅವಧಿ ಸಾಕು. ಸೈಕಲ್ ರಿಪೇರಿ ಅಂಗಡಿಯಲ್ಲಿ ಟ್ಯೂಬು ದೊರೆಯುತ್ತದೆ. ಗುಪ್ತಾ ಅವರ ಪುಸ್ತಕಗಳು ಅವರ ಅಂತರ್ಜಾಲ ತಾಣದಲ್ಲಿ ಉಚಿತವಾಗಿ ಲಭ್ಯ.